ಕೂಸಿಗೆ ಮೊದಲೇ ಹೊಲಿಸಿದ ಕುಲಾವಿ

ಶರಣರೇ, ತಾಯಂದಿರೇ, ಇವತ್ತು ನಾನು ಒಂಬತ್ತೂವರೆಗೇ ಬಂದು ಕೂತೆ. ಆಮಂತ್ರಣದಲ್ಲಿ ಹತ್ತು ಗಂಟೆ ಅಂತ ಅಚ್ಚು ಹಾಕಿಸಿದ್ದಿರಿ. ಸಂಘಟಕರಿಗೆ ಗಾಬರಿಯಾಗಿಬಿಟ್ಟಿತು. ಕುರ್ಚಿ ಇನ್ನೂ ಒರೆಸಿರಲಿಲ್ಲ, ಮೈಕಿನವನು ಬಂದಿರಲಿಲ್ಲ. "ಬುದ್ಧೀ, ಇಷ್ಟು ಬೇಗ ಬಂದುಬಿಟ್ರಲ್ಲ" ಅಂದರು, ನಾನೇನೋ ತಪ್ಪು ಮಾಡಿದ ಹಾಗೆ. ಯಾಕೆ ಬೇಗ ಬಂದೆ ಅನ್ನೋದನ್ನು ಆಮೇಲೆ ಹೇಳ್ತೇನೆ. ಮೊದಲು ಒಂದು ದೃಷ್ಟಾಂತ ಕೇಳಿ.

ಒಂದೂರು. ಊರು ಅಂದ ಮೇಲೆ ಒಬ್ಬ ಸಾಹುಕಾರ ಇರಬೇಕಲ್ಲ, ಅಲ್ಲೂ ಒಬ್ಬ ಇದ್ದ. ನಾಲ್ಕು ಮಂಡಕ್ಕಿ ಭಟ್ಟಿಯ ಧಣಿ. ಹೆಸರು ನಾನು ಹೇಳೋದಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಶಾಲೆಯ ಗಡಿಯಾರದ ಮೇಲೆ, ಮಠದ ಫ್ಯಾನಿನ ಮೂರೂ ರೆಕ್ಕೆಯ ಮೇಲೆ ಅವನ ಹೆಸರು ಬರೆದಿದೆ. ನಾನು ಬೇರೆ ಹೇಳಬೇಕೇ?

ನೋಡಿ, ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡ್ತೇನೆ. ಇಲ್ಲದಿದ್ದರೆ ನೀವು "ಓ, ಇದು ಯಾರೋ ಕೆಟ್ಟವನ ಕಥೆ, ನಮ್ಮದಲ್ಲ" ಅಂತ ಆರಾಮಾಗಿ ಕಾಲು ಚಾಚಿ ಕೂತುಬಿಡ್ತೀರಿ. ಒಳ್ಳೆಯವನು. ದಾನಿ. ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ಕಲ್ಯಾಣ ಮಂಟಪದಲ್ಲಿ ಪ್ರತಿಭಾ ಪುರಸ್ಕಾರ ಮಾಡಿಸುತ್ತಿದ್ದ. ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಶಾಲು, ಹಾರ, ಪೇಟ, ಒಂದು ಬುಟ್ಟಿ ಹಣ್ಣು. ಆ ಫೋಟೋಗಳನ್ನೆಲ್ಲ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ಸಾಲಾಗಿ ತೂಗುಹಾಕಿದ್ದ. ಬಂದವರಿಗೆಲ್ಲ ಕೈಮಾಡಿ ತೋರಿಸೋನು: "ಇವರೆಲ್ಲ ನಮ್ಮ ಮಕ್ಕಳು." ಶಾಲು ಹೊದ್ದುಕೊಂಡು ಹೋದ ಆ ಮಕ್ಕಳು ಆಮೇಲೆ ಎಲ್ಲಿಗೆ ಹೋದರು, ಏನಾದರು? ಕೇಳಿದವನಲ್ಲ. ನಾವು ಕೇಳ್ತೇವೆಯೇ?

ಅದೇ ಗೋಡೆಯ ಮೇಲೆ ಇನ್ನೊಂದು ಇತ್ತು. ಒಂದು ಕ್ಯಾಲೆಂಡರು. ಮೇಲೆ ಶಿವಪಾರ್ವತಿಯ ಚಿತ್ರ, ಕೆಳಗೆ ತಾರೀಖು. ಸಾಹುಕಾರನ ಮೊಮ್ಮಗ ಆಗ ಫಸ್ಟ್ ಪಿಯುಸಿ. ಅವನಿಗೋಸ್ಕರ ದೊಡ್ಡ ಊರಿನಿಂದ ತಿಂಗಳಿಗೊಮ್ಮೆ ಒಬ್ಬ ಮೇಷ್ಟ್ರು ಬರೋರು. ಪಾಠಕ್ಕಲ್ಲ. ಮುಂದೆ ಯಾವ ಓದು, ಅದಕ್ಕೆ ಯಾವ ಪರೀಕ್ಷೆ, ಅರ್ಜಿ ಯಾವತ್ತು, ಜಾತಿ-ಆದಾಯದ ಸರ್ಟಿಫಿಕೇಟು ಯಾವ ತಿಂಗಳೊಳಗೆ ಮಾಡಿಸಬೇಕು, ಎಲ್ಲ ಹುಡುಗನ ಜೊತೆ ಕೂತು ಮಾತಾಡಿ, ಆ ತಾರೀಖುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಹೋಗೋರು. ಸಾಹುಕಾರ ಓದಿದ್ದು ಏಳನೇ ಕ್ಲಾಸು. ಆದರೂ ದಿನಾ ಬೆಳಗ್ಗೆ ಕಾಫಿ ಕುಡೀತಾ ಆ ಕೆಂಪು ಸುತ್ತುಗಳನ್ನು ನೋಡಿ ನೋಡಿ, ಯಾವ ಪರೀಕ್ಷೆ ಯಾವ ಬಾಗಿಲು ತೆಗೀತದೆ ಅಂತ ಅವನಿಗೂ ಬಾಯಿಪಾಠ ಆಗಿಹೋಗಿತ್ತು.

ಈಗ ಹುಡುಗಿ ಬರ್ತಾಳೆ. ಸಾಹುಕಾರನಿಗೆ ಹೆಸರು ಬೇಡ ಅಂದೆ, ಈ ಹುಡುಗಿಗೆ ಬೇಕು. ದಾಕ್ಷಾಯಿಣಿ. ಅವಳ ತಾಯಿ ಗಂಡ ಸತ್ತವಳು, ಸಾಹುಕಾರನ ಭಟ್ಟಿಯಲ್ಲೇ ಮಂಡಕ್ಕಿ ಚೀಲ ಹೊರುತ್ತಿದ್ದಳು. ಹುಡುಗಿ ಸರ್ಕಾರಿ ಕಾಲೇಜಿನಲ್ಲಿ ಫಸ್ಟ್ ಪಿಯುಸಿ ವಿಜ್ಞಾನ. ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಸಾಹುಕಾರನ ಹೊಸ್ತಿಲ ಹೊರಗೆ ಬಂದು ನಿಂತಳು.

"ಸಾಹುಕಾರ್ರೇ, ನಾನು ದನದ ಡಾಕ್ಟರ್ ಆಗಬೇಕು ಅಂತ ಮಾಡೀನ್ರಿ. ಅದಕ್ಕೆ ಯಾವ ಪರೀಕ್ಷೆ ಬರೀಬೇಕು, ಯಾವ ಕಾಗದ ಮಾಡಿಸಿ ಇಟ್ಕೋಬೇಕು, ಒಂದೂ ಗೊತ್ತಾಗವಲ್ದು. ನಿಮ್ಮ ಮನೆಗೆ ಮೇಷ್ಟ್ರು ಬರ್ತಾರಂತಲ್ರಿ, ಒಂದು ಸಲ ಅವರನ್ನ ಕೇಳಿ ಹೇಳ್ತೀರೇನ್ರಿ?"

ಸಾಹುಕಾರ ನಕ್ಕ. ಕುಹಕದ ನಗು ಅಲ್ಲ, ಪ್ರೀತಿಯ ನಗುವೇ. "ಇನ್ನೂ ಎರಡು ವರ್ಷ ಐತಲ್ಲವ್ವಾ! ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತೀ ಏನು? ಮೊದ್ಲು ಮಾರ್ಕ್ಸ್ ತೆಗಿ. ತಗೊಂಡು ಬಾ, ಮೊದಲನೇ ಕುರ್ಚಿ ಮೇಲೆ ಕೂರಿಸಿ ನಾನೇ ಶಾಲು ಹೊದಿಸ್ತೀನಿ."

ಹುಡುಗಿ ತಲೆ ಆಡಿಸಿದಳು. ಆದರೆ ಹೋಗಲಿಲ್ಲ, ಒಂದು ಗಳಿಗೆ ಅಲ್ಲೇ ನಿಂತಳು. ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ. ತುಟಿ ಅಲುಗಾಡುತ್ತಿತ್ತು. ಸಾಹುಕಾರ ಅದನ್ನು ನೋಡಿದ. ನೋಡಿ ಏನಂದುಕೊಂಡ? ದೇವರಿಗೆ ಕೈ ಮುಗೀತಿದೆ ಪಾಪ, ಭಕ್ತಿಯ ಕೂಸು ಅಂದುಕೊಂಡ. ಒಳಗಿನಿಂದ ಎರಡು ಉಂಡೆ ತರಿಸಿ ಕೊಟ್ಟು ಕಳಿಸಿದ.

ಶರಣರೇ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಾರದು, ಒಪ್ಪಿದೆ. ಹಾಗಾದರೆ ಆ ಗೋಡೆಯ ಮೇಲಿದ್ದದ್ದೇನು? ತನ್ನ ಮನೆಯ ಕೂಸಿಗೆ ಎರಡು ವರ್ಷ ಮೊದಲೇ ಹೊಲಿಸಿ ಮೊಳೆಗೆ ತೂಗುಹಾಕಿದ್ದ ಕುಲಾವಿ ಅಲ್ಲವೇ? ನಮ್ಮ ಕೂಸಿಗೆ ಒಂದು ಗಾದೆ, ಕೂಲಿಯವಳ ಕೂಸಿಗೆ ಇನ್ನೊಂದು ಗಾದೆ!

ಎರಡು ವರ್ಷ ಕಳೆಯಿತು. ದಾಕ್ಷಾಯಿಣಿ ತಾಲ್ಲೂಕಿಗೇ ಮೊದಲು ಬಂದಳು. ಪ್ರವೇಶ ಪರೀಕ್ಷೆಗೆ ಕಾಲೇಜಿನವರು ಹೇಗೋ ಅರ್ಜಿ ಹಾಕಿಸಿದ್ದರು, ಅದರಲ್ಲೂ ಚೆನ್ನಾಗೇ ಬರೆದಳು. ಕಂಪ್ಯೂಟರ್ ಅಂಗಡಿಯವನು ಬೇಕಾದ ಕಾಲೇಜುಗಳ ಪಟ್ಟಿ ತುಂಬಿಸಿ, ಫೋನ್ ನಂಬರಿನ ಜಾಗದಲ್ಲಿ ತನ್ನದೇ ಹಾಕಿ, ಪಾಸ್‌ವರ್ಡು ಬರೆದ ಒಂದು ಚೀಟಿ ಕೊಟ್ಟು, "ಮುಂದೆ ಗೊತ್ತಾಗುತ್ತೆ" ಅಂದ. ಹೇಗೆ ಗೊತ್ತಾಗುತ್ತೆ? ಅವನು ಹೇಳಲಿಲ್ಲ. ಇವಳಿಗೆ ಕೇಳಬೇಕು ಅಂತ ತಿಳಿಯಲಿಲ್ಲ. ತಾಯಿಯ ವಿಧವಾ ವೇತನದ ಕಾಗದ ಅಂಚೆಯಲ್ಲಿ ಬಂದಿತ್ತಲ್ಲ, ಸೀಟಿನ ಕಾಗದವೂ ಹಾಗೇ ಬರ್ತದೆ ಅಂತ ನಂಬಿಕೊಂಡಳು. ದಿನಾ ಅಂಚೆಯಣ್ಣನ ಸೈಕಲ್ಲಿಗೆ ಅಡ್ಡ ನಿಂತು ಕೇಳೋಳು: "ಅಣ್ಣಾ, ನಂದೇನಾದ್ರೂ ಬಂದೈತಾ?" ನಗಬೇಡಿ. ದಡ್ಡಿಯಲ್ಲ ಅವಳು, ತಾಲ್ಲೂಕಿಗೇ ಮೊದಲು ಬಂದವಳು. ಆ ಮನೆಯಲ್ಲಿ ಅವಳಿಗಿಂತ ಮುಂಚೆ ಯಾರೂ ಆ ದಾರಿಯಲ್ಲಿ ನಡೆದಿರಲಿಲ್ಲ, ಅಷ್ಟೇ.

ಸೀಟಿನ ಪಟ್ಟಿ ಬಂತು. ಅಂಚೆಯಲ್ಲಲ್ಲ, ಕಂಪ್ಯೂಟರಿನಲ್ಲಿ. ದನದ ಡಾಕ್ಟರ್ ಓದಿಗೆ ಅವಳಿಗೆ ಸೀಟು ಸಿಕ್ಕಿತ್ತು. ಮೂರು ದಿನದೊಳಗೆ ಒಪ್ಪಿಗೆ ಕೊಡಬೇಕು, ಮೂರನೇ ದಿನ ಸಂಜೆ ಐದರ ತನಕ. ಕೊಡದಿದ್ದರೆ ಸೀಟು ಇನ್ನೊಬ್ಬರಿಗೆ. ಆ ಮೂರನೇ ದಿನವೇ ಸಾಹುಕಾರನ ಪ್ರತಿಭಾ ಪುರಸ್ಕಾರ.

ಬೆಳಗ್ಗೆ ಕಲ್ಯಾಣ ಮಂಟಪದ ಬಾಗಿಲಲ್ಲಿ ಗೆಳತಿಯೊಬ್ಬಳು ಹಿಡಿದು ನಿಲ್ಲಿಸಿದಳು. "ನಿನ್ನ ಹೆಸರು ಪಟ್ಟಿಯಾಗ ಐತಲ್ಲೇ! ಒಪ್ಪಿಗೆ ಕೊಟ್ಟೆಯೋ ಇಲ್ಲೋ? ಇವತ್ತು ಐದಕ್ಕೆ ಮುಗೀತೈತಿ." ಪಾಸ್‌ವರ್ಡಿನ ಚೀಟಿ ಮನೆಯ ಟ್ರಂಕಿನಲ್ಲಿ, ಮನೆ ಊರಾಚೆ ಭಟ್ಟಿ ಲೈನಿನಲ್ಲಿ. ಹುಡುಗಿ ಲೆಕ್ಕ ಹಾಕಿದಳು: ಹತ್ತಕ್ಕೆ ಶುರುವಾದರೆ ಹನ್ನೆರಡಕ್ಕೆ ಮುಗೀತದೆ, ಆಮೇಲೆ ಓಡಿದರಾಯಿತು. ಹೋಗಿ ವೇದಿಕೆಯ ಮೊದಲನೇ ಕುರ್ಚಿಯಲ್ಲಿ ಕೂತಳು.

ಹತ್ತಾಯಿತು. ಹನ್ನೊಂದಾಯಿತು. ಆಶೀರ್ವಚನಕ್ಕೆ ಬರಬೇಕಾದ ಸ್ವಾಮಿಗಳು ಬರಲಿಲ್ಲ. ಹನ್ನೆರಡಾಯಿತು. "ಪೂಜ್ಯರು ದಾರಿಯಲ್ಲಿದ್ದಾರೆ" ಅಂತ ಮೈಕಿನಲ್ಲಿ ಕೂಗಿದ್ದೇ ಕೂಗಿದ್ದು. ಒಂದು ಗಂಟೆಗೆ ದಾಕ್ಷಾಯಿಣಿ ಎದ್ದಳು. ಸಾಹುಕಾರ ಓಡಿ ಬಂದ.

"ಎಲ್ಲಿಗವ್ವಾ?"

"ಸಾಹುಕಾರ್ರೇ, ಕಾಲೇಜು ಸೀಟಿಂದು ಐತ್ರಿ. ಇವತ್ತೇ ಕೊನೇ ದಿನ ಅಂತ್ರಿ. ಹೋಗಿ ಬಂದುಬಿಡ್ತೀನ್ರಿ."

"ಏ, ಪೂಜ್ಯರು ಇನ್ನೇನು ಬಂದೇಬಿಟ್ರು. ಮೊದಲನೇ ಕುರ್ಚಿ ಖಾಲಿ ಇದ್ರೆ ಫೋಟೋದಾಗ ಚೆಂದ ಕಾಣತೈತೇನು? ಸಂಜೆ ನಮ್ಮ ಮ್ಯಾನೇಜರಿಗೆ ಹೇಳ್ತೀನಿ, ಮಾಡಿಕೊಡ್ತಾನ. ಕೂತ್ಕೋ, ಕೂತ್ಕೋ."

ಕೂತಳು. ಯಾಕೆ ಕೂತಳು ಅಂತ ಕೇಳ್ತೀರಾ? ಕೆಳಗೆ ಮೂರನೇ ಸಾಲಿನಲ್ಲಿ ತಾಯಿ ಹೊಸ ಸೀರೆ ಉಟ್ಟು, ಮಗಳನ್ನೇ ನೋಡುತ್ತಾ ಕೂತಿದ್ದಳು. ಆ ತಾಯಿಗೆ ಕೂಲಿ ಕೊಡುವ ಧಣಿ 'ಕೂತ್ಕೋ' ಅಂದ. ಧಣಿ ಕೂತ್ಕೋ ಅಂದಾಗ ಎದ್ದು ಹೋಗುವ ಮಕ್ಕಳನ್ನು ನಾವು ಬೆಳೆಸಿದ್ದೇವೆಯೇ?

ಸ್ವಾಮಿಗಳು ಬಂದಾಗ ಎರಡೂಕಾಲು. ಆಮೇಲೆ ಪಾದಪೂಜೆ, ಆಮೇಲೆ ಸ್ವಾಗತ, ಆಮೇಲೆ ಒಂದು ಗಂಟೆ ಆಶೀರ್ವಚನ. ವಿಷಯ ಏನು ಗೊತ್ತೇ? ವಿದ್ಯೆಯ ಮಹತ್ವ. ಶಾಲು ಹೊದಿಸಿದಾಗ ನಾಲ್ಕೂಕಾಲು ಆಗಿತ್ತು. ಹುಡುಗಿ ಶಾಲು, ಹಣ್ಣಿನ ಬುಟ್ಟಿ ಸಮೇತ ಓಡಿದಳು. ಮನೆಗೆ, ಟ್ರಂಕಿಗೆ, ಅಲ್ಲಿಂದ ಕಂಪ್ಯೂಟರ್ ಅಂಗಡಿಗೆ. ಅಂಗಡಿ ಮುಟ್ಟಿದಾಗ ಐದೂ ಹತ್ತು. ಅವಧಿ ಮುಗಿದಿದೆ ಅಂತ ಪರದೆಯ ಮೇಲೆ ಬರೆದಿತ್ತು.

ಇತ್ತ ಸಾಹುಕಾರ ದಣಿದು, ಸಂತೋಷವಾಗಿ ಮನೆಗೆ ಬಂದ. ಕಾಫಿ ತರಿಸಿಕೊಂಡು ತನ್ನ ಜಾಗದಲ್ಲಿ ಕೂತ. ಇವತ್ತಿನ ಫೋಟೋ ಎಲ್ಲಿ ತೂಗುಹಾಕೋಣ ಅಂತ ಗೋಡೆ ನೋಡಿದ. ಕಣ್ಣು ಅದೇ ಮೊಳೆಗೆ ತೂಗುತ್ತಿದ್ದ ಈ ವರ್ಷದ ಕ್ಯಾಲೆಂಡರಿಗೆ ಬಿತ್ತು. ಇವತ್ತಿನ ತಾರೀಖಿಗೆ ಕೆಂಪು ಸುತ್ತು. ಕೆಳಗೆ ಮೇಷ್ಟ್ರ ದುಂಡನೆಯ ಅಕ್ಷರ: ಕೊನೆಯ ದಿನ, ಸಂಜೆ ಐದು. ಮೊಮ್ಮಗ ಮೊದಲನೇ ದಿನವೇ ಒಪ್ಪಿಗೆ ಕೊಟ್ಟು ಮುಗಿಸಿದ್ದ. 'ಇವತ್ತೇ ಕೊನೇ ದಿನ ಅಂತ್ರಿ.' ಆ ದನಿ ಈಗ ಕೇಳಿಸಿತು ಅವನಿಗೆ. ಎರಡು ವರ್ಷದ ಹಿಂದೆ ಹೊಸ್ತಿಲಾಚೆ ನಿಂತು ಅಲುಗಾಡಿದ ಆ ತುಟಿಯೂ ನೆನಪಾಯಿತು. ಹುಡುಗಿ ದೇವರನ್ನು ನೋಡುತ್ತಿರಲಿಲ್ಲ. ತಾರೀಖು ಓದಿಕೊಳ್ಳುತ್ತಿದ್ದಳು. ಹೊರಗೆ ನಿಂತು, ಅಷ್ಟು ದೂರದಿಂದ, ಎಷ್ಟು ಸಿಗುತ್ತದೋ ಅಷ್ಟು ಓದಿಕೊಂಡು ಹೋಗೋಣ ಅಂತ ನಿಂತಿದ್ದಳು. ಒಳಗೆ ಬಾ ಅಂತ ಅವನು ಅನ್ನಲಿಲ್ಲ. ಸಾಹುಕಾರ ಕಾಫಿ ಲೋಟ ಕೆಳಗಿಟ್ಟು ಎದ್ದ.

ಮ್ಯಾನೇಜರಿಗೆ ಹೇಳಿದ. ಅವರಿವರಿಗೆ ಫೋನು ಮಾಡಿಸಿದ. ಅವನ ದೊಡ್ಡಸ್ತಿಕೆ ಊರೊಳಗೆ ನಡೆಯುತ್ತಿತ್ತು, ಮುಗಿದ ತಾರೀಖಿನ ಮುಂದೆ ನಡೆಯಲಿಲ್ಲ.

ಹದಿನೈದು ದಿನ ಭಟ್ಟಿಯ ಕಡೆ ಹೋಗುವುದಕ್ಕೇ ಅವನಿಗೆ ಮುಖ ಇರಲಿಲ್ಲ. ಕೊನೆಗೊಂದು ದಿನ ಹೋದ. ತಾಯಿ ಕಾಣಲಿಲ್ಲ. ಅವಳ ಜಾಗದಲ್ಲಿ ದಾಕ್ಷಾಯಿಣಿ ಚೀಲ ಹೊರುತ್ತಿದ್ದಳು. ತಲೆಯ ಮೇಲೆ ಸಿಂಬಿ. ಸಾಹುಕಾರ ಹತ್ತಿರ ಹೋಗಿ ನೋಡಿದ, ಜರಿಯಂಚು ಗುರುತು ಸಿಕ್ಕಿತು. ಅವನೇ ಹೊದಿಸಿದ ಶಾಲು. ಅದನ್ನೇ ಸುತ್ತಿ ಸಿಂಬಿ ಮಾಡಿಕೊಂಡಿದ್ದಳು.

"ಶಾಲು..." ಅಂದ.

ಹುಡುಗಿ ನಾಚಿಕೊಂಡಳು, ತಾನೇ ತಪ್ಪು ಮಾಡಿದ ಹಾಗೆ. "ದಪ್ಪ ಐತ್ರಿ ಸಾಹುಕಾರ್ರೇ, ತಲಿ ನೋಯಂಗಿಲ್ಲ. ಅವ್ವಗೆ ದಮ್ಮು ಜಾಸ್ತಿ ಆಗೈತ್ರಿ, ಭಟ್ಟಿ ಹೊಗೆ ಕುಡೀಬ್ಯಾಡ ಅಂತ ಡಾಕ್ಟರು ಅಂದಾರ."

"ಮುಂದಿನ ವರ್ಷ ಮತ್ತೆ ಅರ್ಜಿ ಹಾಕವ್ವಾ. ನಾನು... ಎಲ್ಲಾ ನಾನೇ ನೋಡ್ಕೋತೀನಿ."

"ಮುಂದಿನ ವರ್ಷದ್ದು ಈಗ್ಲೇ ಯಾಕ್ರೀ?" ಅಂದಳು ಹುಡುಗಿ. ಕೊಂಕಿನಿಂದ ಅನ್ನಲಿಲ್ಲ, ಸುಸ್ತಾಗಿ ಅಂದಳು. ಚೀಲ ಎತ್ತಿ ತಲೆಗಿಟ್ಟುಕೊಂಡು ಹೋದಳು. ಆ ಮಾತಿನ ಉಳಿದರ್ಧ ಸಾಹುಕಾರನಿಗೆ ಗೊತ್ತಿತ್ತು. ಅದು ಅವನದೇ ಗಾದೆ.

ಮುಂದಿನ ವರ್ಷ ಸೇರಿದಳೇ ಅಂತ ನೀವು ಕೇಳಬೇಕು ಅಂತಿದ್ದೀರಿ. ಇಲ್ಲ. ಅದರ ಮುಂದಿನ ವರ್ಷವೂ ಇಲ್ಲ. ತಾಯಿಯ ದಮ್ಮು ಹೆಚ್ಚಿತು, ಮನೆ ನಡೆಯಬೇಕಿತ್ತು. ಕಥೆ ಇಷ್ಟೇ, ಸಿಹಿ ಮಾಡಿ ಹೇಳಲು ನನಗೆ ಬರೋದಿಲ್ಲ.

ಈಗ ನಿಮ್ಮ ಕಡೆ ತಿರುಗ್ತೇನೆ. ನಿಮ್ಮ ಪೈಕಿ ಡಿಗ್ರಿ ಮಾಡಿದವರು ಎಷ್ಟು ಜನ? ಕೈ ಎತ್ತಬೇಡಿ, ನನಗೆ ಕಾಣ್ತದೆ. ನಿಮ್ಮ ಮನೆಯಲ್ಲೂ ಅಂಥ ಕ್ಯಾಲೆಂಡರು ಇದೆ, ಗೋಡೆಯ ಮೇಲೆ ಇಲ್ಲದಿದ್ದರೆ ತಲೆಯೊಳಗಿದೆ. ಯಾವ ಓದಿಗೆ ಯಾವ ಪರೀಕ್ಷೆ, ಯಾವ ಕಾಗದಕ್ಕೆ ಯಾವ ಕಚೇರಿ, ಪಟ್ಟಿ ಎಲ್ಲಿ ಬರ್ತದೆ, ಅರ್ಜಿಯಲ್ಲಿ ಯಾರ ಫೋನ್ ನಂಬರು ಹಾಕಬೇಕು, ಎಲ್ಲ ಗೊತ್ತು. ಅದನ್ನು ನಿಮ್ಮ ಮನೆ ಕೆಲಸಕ್ಕೆ ಬರೋ ತಾಯಿಯ ಮಗಳಿಗೆ ಹೇಳಿದ್ದೀರಾ? ನಿಮ್ಮ ಗಾಡಿ ಓಡಿಸೋನ ಮಗನಿಗೆ? ಮಾರ್ಕ್ಸ್ ಬಂದ ಮೇಲೆ ಶಾಲು ಹೊದಿಸೋದು ಸುಲಭ. ಮಾರ್ಕ್ಸ್ ಬರೋ ಮುಂಚೆ, ಫಸ್ಟ್ ಪಿಯುಸಿಯಲ್ಲೇ, ಆ ಮಗುವನ್ನು ಹೊಸ್ತಿಲ ಒಳಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, 'ಏನಾಗಬೇಕು ಅಂತಿದ್ದೀಯಮ್ಮ?' ಅಂತ ಕೇಳೋದಿದೆಯಲ್ಲ, ಅದು ನಮ್ಮಿಂದ ಆಗೋದಿಲ್ಲ. ಈ ಭಾನುವಾರದಿಂದ ಆಗಬೇಕು. ಒಬ್ಬೊಬ್ಬರು ಒಂದೊಂದು ಮಗು ಹಿಡಿಯಿರಿ. ತಿಂಗಳಿಗೊಂದು ಸಲ ಕೂತು, ಕೆಂಪು ಪೆನ್ನು ಅದರ ಕೈಗೆ ಕೊಟ್ಟು, ಅದರ ಮನೆಯ ಗೋಡೆಗೂ ಒಂದು ಕ್ಯಾಲೆಂಡರು ಮಾಡಿಸಿ. ಕೊನೆಯ ದಿನ ನೀವೇ ಹೋಗಿ ಅದರ ಮನೆಯ ಬಾಗಿಲು ತಟ್ಟಿ. ಜಾಗ ಬೇಕೇ? ಮಠದ ಪಡಸಾಲೆ ಇದೆ, ನಾಲ್ಕು ಫ್ಯಾನೂ ಇವೆ.

ಇನ್ನೊಂದು ಉಳಿಯಿತು. ಆ ನಾಲ್ಕು ಗಂಟೆ ತಡವಾಗಿ ಬಂದು, ವಿದ್ಯೆಯ ಮಹತ್ವದ ಮೇಲೆ ಒಂದು ಗಂಟೆ ಮಾತಾಡಿದ ಸ್ವಾಮಿಗಳು ಯಾರು ಅಂತ ಕೇಳಬೇಡಿ. ಕೇಳಿದರೆ ನಾನು ಹೇಳಬೇಕಾಗ್ತದೆ. ಅವರು ಈಗ ಎಲ್ಲಿ ಕರೆದರೂ ಅರ್ಧ ಗಂಟೆ ಮೊದಲೇ ಹೋಗಿ ಕೂರ್ತಾರೆ. ಏನು ಪ್ರಯೋಜನ? ಆ ಹುಡುಗಿಯ ಆ ಸಂಜೆ ಐದು ಗಂಟೆ ವಾಪಸು ಬರೋದಿಲ್ಲ.

ಮಕ್ಕಳೇ, ನನ್ನ ಪಕ್ಕದಲ್ಲಿ ಸಾಲಾಗಿ ಕೂತಿದ್ದೀರಿ, ತಟ್ಟೆಯಲ್ಲಿ ನಿಮ್ಮ ಶಾಲುಗಳಿವೆ. ನಿಮ್ಮಲ್ಲಿ ಯಾರಿಗಾದರೂ ಇವತ್ತು ಕೊನೆಯ ದಿನ ಇದೆಯೇ? ಹೆದರಬೇಡಿ, ಹೇಳಿ. ಇದೆಯಾ ತಾಯಿ? ಹಾಗಾದರೆ ಏಳು, ಈಗಲೇ ಹೋಗು. ಯಾರಪ್ಪಾ ಅಲ್ಲಿ ಗಾಡಿ ತಂದವರು, ಕರ್ಕೊಂಡು ಹೋಗಿ, ಕೆಲಸ ಮುಗಿಯೋ ತನಕ ಜೊತೆಗೇ ಇರಿ. ಕುರ್ಚಿ ಖಾಲಿ ಇರಲಿ, ಸಾಹುಕಾರರೇ. ಫೋಟೋದಲ್ಲಿ ಖಾಲಿಯೇ ಬರಲಿ.