ಬಟ್ಟಲ ನಾದಕ್ಕೆ ಅಡ್ಡ ಬಂದ ಮಾತು

ಅಂದು ಬೆಳಿಗ್ಗೆ ಮಂಜು ನೆಲಕ್ಕಿಳಿದು, ಆಸ್ಪತ್ರೆಯ ಶವಾಗಾರದ ಬಾಗಿಲೂ ಮಸುಕಾಗಿತ್ತು. ಗೆಳೆಯನ ದೇಹಕ್ಕಾಗಿ ಕಾದಿದ್ದ ಅಜ್ಜ ದೇವರನ್ನು ನೆನೆಯುತ್ತಾ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ತಾಯಿಯನ್ನು ಕಳೆದುಕೊಂಡ ಅಕ್ಕ, ತಮ್ಮ. ತಮ್ಮನ ಮಡಿಲಲ್ಲಿ ತಲೆಮಾರುಗಳಷ್ಟು ಹಳೆಯದಾದ ಕಂಚಿನ ಬಟ್ಟಲು. ಕಿವಿಗೆ ಬಾಗಿಲಿಲ್ಲವಲ್ಲ, ಅವರ ಮಾತು ಅಜ್ಜನಿಗೆ ಕೇಳಿಸಿತು.

“ಅಮ್ಮ ಹೋಗ್ತಿರೋವಾಗ್ಲೂ ಇದನ್ನ ನುಡಿಸ್ತಾ ಕೂತಿದ್ಯಾ?”

“ಅವಳೇ ಕೇಳಿದ್ಳು ಅಕ್ಕಾ. ಅವಳ ಎದೆ ಮೇಲಿಟ್ಟು ಅಂಚನ್ನ ಕೋಲಲ್ಲಿ ಉಜ್ಜಿದ್ರೆ, ಉಸಿರಿನ ಜೊತೆ ನಾದಾನೂ ಏರ್ತಿತ್ತು, ಇಳೀತಿತ್ತು. ಅಂಥ ಸಂಗೀತ ಯಾರೂ ಮಾಡಿಲ್ಲ.”

“ನುಡಿಸು ಅಂದ್ಳು. ಫೋನಲ್ಲಿ ರೆಕಾರ್ಡ್ ಮಾಡು ಅಂದ್ಳಾ?”

ತಮ್ಮ ಬಟ್ಟಲಿನ ಅಂಚನ್ನು ಬೆರಳಲ್ಲಿ ಸವರಿದ.

“ನಾನು ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ನನ್ನ ಕೇಳಿದ್ಳೇನೋ?”

“‘ಪುಟ್ಟಿ ಬಂದ್ಳಾ’ ಅಂದ್ಳು.”

“ಅದೂ ರೆಕಾರ್ಡ್ ಆಗಿದ್ಯಾ?”

“ನಾದದ ಮಧ್ಯೆ ಅಡ್ಡ ಬಂತು ಅಂತ... ರಾತ್ರಿ ಕೂತು ಕತ್ತರಿಸಿ ತೆಗೆದೆ.”

“ಹಾಳಾದೋನೆ! ಅವಳ ಉಸಿರು ನಿನಗೆ ಸಂಗೀತ, ನನ್ನ ಕರೆದಿದ್ದು ಕಸಾನಾ?”

ಅಜ್ಜ ತಲೆ ತಗ್ಗಿಸಿದ.

“ಅಳಿಸಿಲ್ಲ ಅಕ್ಕಾ. ಬೇರೆ ಇಟ್ಟಿದೀನಿ.”

ಅಷ್ಟರಲ್ಲಿ ಒಳಗಿನಿಂದ ಅಕ್ಕ ತಮ್ಮನಿಗೆ ಕರೆ ಬಂತು. ಅಕ್ಕ ಎದ್ದಳು, ಕಾಲು ಮುಂದಕ್ಕೆ ಬರಲಿಲ್ಲ. ತಮ್ಮ ಫೋನನ್ನು ಅವಳ ಅಂಗೈಯಲ್ಲಿಟ್ಟು, ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿದ. ತಾಯಿ ತನ್ನನ್ನು ಕರೆಯುವುದನ್ನು ಕೇಳಿಸಿಕೊಳ್ಳುತ್ತಲೇ ಅವಳು ತಾಯಿಯ ದೇಹವಿದ್ದ ಕೋಣೆಗೆ ನಡೆದಳು.