ಸರೋಜಳ ಸೀಮಂತ

...ನಗ್ತಿದೀಯಾ? ನಗು, ನಗು. ನಿನ್ನ ಟ್ಯಾಂಕಿನ ಫಿಲ್ಟರ್ ಪೈಪಿಗೆ ಹಸಿರು ಬಳೆ ತೊಡಿಸೋ ಹುಚ್ಚಿ ಮಲೇಷ್ಯಾದ ಈ ನಿಲಾಯ್ ಊರಲ್ಲಿ ಸುಮತಿ ಅನ್ನೋ ನಾನೊಬ್ಳೇ ಇರ್ಬೇಕು. ಆದ್ರೆ ಸರೋಜ, ಬಾಯ್ತುಂಬ ಮೊಟ್ಟೆ ಇಟ್ಕೊಂಡು ನಗಬಾರ್ದು ಕಣೆ, ಉದುರಿಹೋಗತ್ತೆ.

ನೀನು ಊಟ ಬಿಟ್ಟಾಗ ಮೊದ್ಲು ಏಕಾದಶಿ ಅಂದ್ಕೊಂಡೆ. ದ್ವಾದಶೀನೂ ಹೋಯ್ತು, ನೀನು ಬಾಯಿ ಬಿಡ್ಲಿಲ್ಲ. ಆಮೇಲೆ ಮೀನಿನಂಗಡಿ ಅಂಕಲ್ ಫೋನಲ್ಲಿ ಹೇಳಿದ್ರು, ಮಲಾವಿ ಸರೋವರದ ಮೀನು ಹಾಗೇ, ಮರಿ ಆಗೋವರ್ಗೂ ಮೊಟ್ಟೆ ಬಾಯಲ್ಲೇ, ಒಂದು ಕಾಳೂ ತಿನ್ನಲ್ಲ ಅಂತ. ಪಾಪ, ಆಫ್ರಿಕಾದ ಹುಡುಗಿ. ಲಾಕ್‌ಡೌನಲ್ಲಿ ಬಸುರಿ. ತವರಿನವರು ಯಾರೂ ಬರೋ ಹಾಗಿಲ್ಲ. ಹಾಗಂತ ಸೀಮಂತ ಬಿಡೋಕಾಗತ್ತಾ?

ತಗೋ, ಚಿತ್ರಾನ್ನ. ಬೇಡ್ವಾ? ಸರಿ, ನಾನೇ ತಿಂತೀನಿ. ಹುಣಸೆ ಗೊಜ್ಜು? ಅದೂ ನಾನೇ. ಮಾವಿನಕಾಯಿ... ಅದು ಆಗ್ಲೇ ಮುಗೀತು. ಏನ್ ಹಾಗ್ ನೋಡ್ತೀಯಾ? ಬಯಕೆ ನಿಂದೇ. ತಿನ್ನೋದು ಮಾತ್ರ ನಾನು.

ನಿನ್ನ ಗಂಡ ಆ ಕಲ್ಲಿನ ಹಿಂದೆ ಕೂತವನು ಈ ಕಡೆ ತಿರುಗೀನೂ ನೋಡಿಲ್ಲ. ನನ್ನ ಗಂಡ ಸದಾನಂದ ಹಾಗಲ್ಲಪ್ಪ. ಮಾರ್ಚಲ್ಲಿ ಅಪ್ಪನ ಆಪರೇಷನ್ ಅಂತ ಉಡುಪಿಗೆ ಹೋದವರು, ವಿಮಾನ ನಿಂತು ಅಲ್ಲೇ ಸಿಕ್ಕಿಹಾಕ್ಕೊಂಡಿದಾರೆ. ಆದ್ರೂ ದಿನಾ ವಿಡಿಯೊ ಕಾಲ್ ಮಾಡಿ ಮೀನು ಹೇಗಿದೆ, ನೀನು ಹೇಗಿದೀಯಾ ಅಂತ ಕೇಳ್ತಾರೆ. ಮುಖ ಮಾತ್ರ ತೋರಿಸಿ ಚೆನ್ನಾಗಿದೀನಿ ಅಂತೀನಿ.

ಯಾಕೆ ಮುಖ ಮಾತ್ರ ಅಂದ್ರೆ... ದಪ್ಪ ಆಗಿದೀನಿ. ಮನೇಲಿ ಕೂತು ಕೂತು ಎಲ್ರೂ ದಪ್ಪ ಆಗಿದಾರೆ.

ಅಯ್ಯೋ, ಬಾಯಿ ಬಿಟ್ಯಾ! ಮರಿ... ಎಷ್ಟೊಂದು ಮರಿ, ಜೀರಿಗೆ ಚೆಲ್ಲಿದ ಹಾಗೆ... ಥೂ, ಈ ಫೋನ್ ಈಗ್ಲೇ ಬರ್ಬೇಕಾ? ಅದೂ ಟ್ಯಾಂಕ್ ಮೇಲೇ ಇಟ್ಟಿದೀನಿ, ಗಾಜೆಲ್ಲ ಗುರ್ರ್ ಅಂತಿದೆ. ಅವರೇ... ಅರೆ, ಮರೀನೆಲ್ಲ ಮತ್ತೆ ಬಾಯೊಳಗೆ ಹಾಕ್ಕೊಂಡ್ಯಾ? ಹೆದರ್ಕೊಂಡ್ಯಾ?

ಮಾತಾಡೇ. ಸುಮ್ನೆ ಹಾಗೆ ನೋಡ್ಬೇಡ.

ಹೋದ ಸಲ ಮೊದಲ ತಿಂಗಳಲ್ಲೇ ಊರಿಗೆಲ್ಲ ಹೇಳಿದ್ವಿ. ಆಮೇಲೆ ಉಳೀಲಿಲ್ಲ ಅಂತ ಆ ಒಬ್ಬೊಬ್ಬರಿಗೂ ಮತ್ತೆ ಹೇಳ್ಬೇಕಾಯ್ತು. ನಮ್ಮನೆಯವರು ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ರು. ಈ ಸಲ ಅಷ್ಟು ದೂರದಲ್ಲಿ, ಬರೋಕೂ ಆಗ್ದೆ... ಅದಕ್ಕೇ ಭಯ ನಂಗೆ. ಬಳೆ ನಿನ್ನ ಅಳತೇದಲ್ಲ, ಗೊತ್ತು ಕಣೆ.

ಈಗ ಒದೀತಿದೆ, ಸರೋಜ.

ನೀನು ಮುಚ್ಕೊಂಡಿರು. ನಾನು ಬಾಯಿ ಬಿಡ್ತೀನಿ.

ಹಲೋ... ಹ್ಞೂಂ, ಮೀನು ಚೆನ್ನಾಗಿದೆ. ತಾಳಿ, ಫೋನ್ ಸ್ವಲ್ಪ ಕೆಳಗೆ ಹಿಡೀತೀನಿ.