ಫಾರ್ಗೊ ಗಾಡಿಯ ಅಡಿಯಲ್ಲಿ ನನ್ನ ಗಂಡ ತೀರಿಕೊಂಡ ಬಗ್ಗೆ

ಹೆಸರು: ಡುಲ್ಸಿನ್ ಮಥಾಯಸ್. ಪ್ರಾಯ: 51 ವರ್ಷ. ಗಂಡ: ದಿವಂಗತ ಜೇಮ್ಸ್ ಮಥಾಯಸ್. ಕಸುಬು: ಹೊಲಿಗೆ. ವಾಸ: ಇಗರ್ಜಿ ಹಿಂಬದಿ ರಸ್ತೆ, ಶಿರ್ವ ಗ್ರಾಮ, ಕಾಪು ತಾಲೂಕು, ಉಡುಪಿ ಜಿಲ್ಲೆ.

ನಾನು ಇಂದು ಠಾಣೆಗೆ ಹಾಜರಾಗಿ, ನಿನ್ನೆ ಆದಿತ್ಯವಾರ ತಾರೀಕು 10-11-2024ರಂದು ನಮ್ಮ ಮನೆಯ ಶೆಡ್ಡಿನಲ್ಲಿ ನಡೆದದ್ದನ್ನು ಕಂಡ ಹಾಗೆ ಹೇಳಿ ಬರೆಯಿಸುವುದು ಹೀಗೆ.

ಮೇಲಿನ ವಿಳಾಸದಲ್ಲಿ ನಾನು, ನನ್ನ ಗಂಡ ಮತ್ತು ನಮ್ಮ ಒಬ್ಬಳೇ ಮಗಳು ಸ್ಯಾಂಡ್ರಾ ವಾಸವಾಗಿದ್ದೆವು. ಗಂಡನಿಗೆ 55 ವರ್ಷ. ಅವರು ಬಹರೈನಿನ ಒಂದು ಗ್ಯಾರೇಜಿನಲ್ಲಿ 22 ವರ್ಷ ಮೆಕ್ಯಾನಿಕ್ ಆಗಿದ್ದು, 2021ರಲ್ಲಿ ಕೆಲಸ ಬಿಟ್ಟು ಊರಿಗೆ ಬಂದವರು. ಸ್ಯಾಂಡ್ರಾ ಮಣಿಪಾಲದ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿರುತ್ತಾಳೆ.

ಗಂಡನ ತಂದೆ ಉಡುಪಿ–ಕಾರ್ಕಳ ರೂಟಿನಲ್ಲಿ ಫಾರ್ಗೊ ಬಸ್ಸಿನ ಡ್ರೈವರ್ ಆಗಿದ್ದರು. 2022ರ ಮಳೆಗಾಲ ಮುಗಿದ ಮೇಲೆ, ಕಾರ್ಕಳದಲ್ಲಿ ಮುಚ್ಚಿಹೋದ ಒಂದು ಅಕ್ಕಿ ಮಿಲ್ಲಿನ ಹಿಂದೆ ಅದೇ ಕಂಪೆನಿಯ ಹಳೆಯ ಪಿಕಪ್ ಗಾಡಿ ಬಿದ್ದುಕೊಂಡಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಗಂಡ ಹೋಗಿ ನೋಡಿ ಬಂದರು. ಮರುವಾರ ಅದನ್ನು ಕ್ರೇನಿನಿಂದ ಎತ್ತಿಸಿ ಲಾರಿಯಲ್ಲಿ ಮನೆಗೆ ತಂದರು. ಅದರ ಸೀಟಿನ ಜಾಗದಲ್ಲಿ ಗಿಡ ಬೆಳೆದಿತ್ತು. ಎಂತ ಇದು, ಗುಜರಿ ಅಂಗಡಿ ಇಡುವ ಆಲೋಚನೆ ಉಂಟಾ ಎಂದು ನಾನು ಕೇಳಿದ್ದಕ್ಕೆ, ಇದನ್ನು ಹಾಟ್ ರಾಡ್ ಮಾಡುತ್ತೇನೆ ಎಂದರು. ಹಾಗೆಂದರೆ ಹಳೆಯ ಗಾಡಿಯ ಟಾಪನ್ನು ಕತ್ತರಿಸಿ ತಗ್ಗಿಸುವುದು, ದೊಡ್ಡ ಎಂಜಿನನ್ನು ಬಾನೆಟ್ ಇಲ್ಲದೆ ಹೊರಗೆ ಕಾಣುವಂತೆ ಕೂರಿಸುವುದು, ಹಿಂದಿನ ಎರಡು ಚಕ್ರಗಳನ್ನು ಅಗಲ ಮಾಡುವುದು. ಬಹರೈನಿನಲ್ಲಿ ಶುಕ್ರವಾರದ ರಜೆಯಲ್ಲಿ ಇಂಥ ಗಾಡಿಗಳು ಸಾಲಾಗಿ ಹೋಗುವುದನ್ನು ರಸ್ತೆ ಬದಿಯಲ್ಲಿ ನಿಂತು ನೋಡುತ್ತಿದ್ದುದಾಗಿ ಹೇಳಿದರು. ಅಷ್ಟು ವರ್ಷ ಫೋನಿನಲ್ಲಿ ಮಾತನಾಡಿದರೂ ಈ ವಿಷಯವನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ.

ಗಂಡನ ತಮ್ಮ ಎಡ್ವಿನ್ ಮಥಾಯಸ್, ಪ್ರಾಯ 49 ವರ್ಷ, ಕಾಪುವಿನಲ್ಲಿ ಗೇಟು, ಗ್ರಿಲ್ಲು, ಶಟರ್ ಮಾಡುವ ವೆಲ್ಡಿಂಗ್ ಶಾಪ್ ನಡೆಸುತ್ತಾನೆ. ಜಾಗ ಪಾಲಾಗುವಾಗ ಅಣ್ಣ ತಮ್ಮಂದಿರಿಗೆ ತಕರಾರು ಬಂದು ಉಡುಪಿ ಕೋರ್ಟಿನಲ್ಲಿ ದಾವೆ ನಡೆದದ್ದು ಹೌದು. ದಾವೆ ರಾಜಿಯಲ್ಲಿ ಮುಗಿಯಿತು. ಮಾತು ಮಾತ್ರ ಮುಂದೆ ಎಂಟು ವರ್ಷ ಇರಲಿಲ್ಲ. ಇಗರ್ಜಿಯಲ್ಲಿ ಒಬ್ಬರು ಎಡಗಡೆಯ ಬಾಗಿಲಿನಿಂದ ಹೊರಟರೆ ಇನ್ನೊಬ್ಬರು ಬಲಗಡೆಯಿಂದ ಹೊರಡುತ್ತಿದ್ದರು.

ಟಾಪ್ ಕತ್ತರಿಸುವ ಕೆಲಸ ಗಂಡನೊಬ್ಬರಿಂದ ಆಗಲಿಲ್ಲ. ಅಷ್ಟು ತೆಳ್ಳಗಿನ ತಗಡಿಗೆ ಬೆಸುಗೆ ಹಾಕುವ ಕೈ ಇಲ್ಲಿ ಒಬ್ಬನಿಗೇ ಇರುವುದು ಎಂದು ಅವರು ಊಟಕ್ಕೆ ಕುಳಿತಾಗ ಹೇಳಿದರು. ಹೆಸರು ಹೇಳಲಿಲ್ಲ. ಸ್ಯಾಂಡ್ರಾ ನಮಗೆ ತಿಳಿಸದೆ ಸ್ಕೂಟರಿನಲ್ಲಿ ಕಾಪುವಿಗೆ ಹೋಗಿ ಎಡ್ವಿನನನ್ನು ಕರೆದಳು. ಬರುವುದಿಲ್ಲ ಎಂದು ಅವನು ಹೇಳಿದನಂತೆ. ಮುಂದಿನ ಆದಿತ್ಯವಾರ ವೆಲ್ಡಿಂಗ್ ಸಾಮಾನು ಹೇರಿಕೊಂಡು ಬಂದ. ಅಂಗಳದಲ್ಲಿ ನನ್ನನ್ನು ಕಂಡು ವೊನ್ನಿ, ಅಂದರೆ ಅತ್ತಿಗೆ, ನೀರು ಬೇಕು ಎಂದಷ್ಟೇ ಹೇಳಿ ಶೆಡ್ಡಿಗೆ ಹೋದ.

ಸುರುವಿಗೆ ಇಬ್ಬರೂ ಸ್ಯಾಂಡ್ರಾಳ ಮೂಲಕ ಮಾತನಾಡುತ್ತಿದ್ದರು. ಮೂರು ಇಂಚಿಗಿಂತ ಹೆಚ್ಚು ತೆಗೆದರೆ ಗಾಜು ಕೂರುವುದಿಲ್ಲ ಅಂತ ನಿನ್ನ ಪಪ್ಪನಿಗೆ ಹೇಳು ಎಂದು ಎಡ್ವಿನ್ ಹೇಳುವುದು. ನಾಲ್ಕು ಇಂಚು ತೆಗೆಯದಿದ್ದರೆ ಅದು ಪೋಸ್ಟ್ ಆಫೀಸಿನ ಗಾಡಿಯ ಹಾಗೆ ಕಾಣುತ್ತದೆ ಅಂತ ನಿನ್ನ ಬಾಪ್ಪುವಿಗೆ, ಅಂದರೆ ಚಿಕ್ಕಪ್ಪನಿಗೆ, ಹೇಳು ಎಂದು ಗಂಡ ಹೇಳುವುದು. ಇಬ್ಬರೂ ನಿಂತಿದ್ದದ್ದು ಗಾಡಿಯ ಆಚೆ ಈಚೆ, ನಡುವೆ ಐದು ಅಡಿ ಅಂತರ. ಕೊನೆಗೆ ಮೂರೂವರೆ ಇಂಚು ತೆಗೆದರು. ಟಾಪನ್ನು ಮತ್ತೆ ಬೆಸೆದು ಮುಂದಿನ ಗಾಜನ್ನು ಇಟ್ಟಾಗ ಅದು ಒಂದು ಬಿರುಕೂ ಇಲ್ಲದೆ ಕೂತಿತು. ಕೂತಿತಲ್ಲ ಮಾರಾಯ ಎಂದು ಗಂಡ ನೇರವಾಗಿ ಎಡ್ವಿನನಿಗೆ ಹೇಳಿದರು. ಇಲ್ಲದಿದ್ದರೆ ನಾನು ನಾಳೆಯಿಂದ ಶಾಪ್ ತೆರೆಯುತ್ತಿರಲಿಲ್ಲ ಎಂದು ಎಡ್ವಿನ್ ಹೇಳಿದ. ಸ್ಯಾಂಡ್ರಾ ಏನೂ ಆಗದವಳ ಹಾಗೆ ಒಳಗೆ ಬಂದು, ಮಮ್ಮಿ, ನನ್ನ ಕೆಲಸ ಹೋಯಿತು ಎಂದಳು. ಆ ದಿನದಿಂದ ಎಡ್ವಿನ್ ಆದಿತ್ಯವಾರದ ಊಟ ನಮ್ಮಲ್ಲಿಯೇ ಮಾಡುತ್ತಿದ್ದ.

ಗಾಡಿಯ ಕೆಲಸ ಎರಡು ವರ್ಷ ನಡೆಯಿತು. ಸ್ಯಾಂಡ್ರಾ ತುಕ್ಕು ಉಜ್ಜಿ ಪುಟ್ಟಿ ಹಾಕಿದಳು. ನಾನು ಕಂದು ಬಣ್ಣದ ರೆಕ್ಸಿನ್ ತಂದು ಸೀಟು ಹೊಲಿದೆ. ನನ್ನ ಮಿಷನಿನ ಮೂರು ಸೂಜಿ ಮುರಿಯಿತು. ಕಳೆದ ತಿಂಗಳು 20ನೇ ತಾರೀಕಿಗೆ ಎಂಜಿನನ್ನು ಮೊದಲ ಸಲ ಸ್ಟಾರ್ಟ್ ಮಾಡಿದರು. ಸೈಲೆನ್ಸರ್ ಹಾಕಿರಲಿಲ್ಲ. ಪಕ್ಕದ ಮನೆಯ ಉಮಾನಾಥರು ಟ್ರಾನ್ಸ್‌ಫಾರ್ಮರ್ ಸಿಡಿಯಿತೆಂದು ಓಡಿ ಬಂದರು. ಗಂಡ ನನ್ನನ್ನು ಕರೆದು ಸೀಟಿನಲ್ಲಿ ಕೂರಿಸಿದರು. ಹೇಗೆ ಉಂಟು ಎಂದು ಕೇಳಿದರು. ನನಗೆ ಶಬ್ದದಲ್ಲಿ ಕೇಳಿಸಲಿಲ್ಲ, ಬಾಯಿಯ ಚಲನೆಯಿಂದ ತಿಳಿಯಿತು. ನಾನು ಉತ್ತರ ಕೊಟ್ಟೆನೋ ಇಲ್ಲವೋ ಈಗ ನೆನಪಿಲ್ಲ.

ನಿನ್ನೆ ಇಗರ್ಜಿಯಲ್ಲಿ ಬೆಳಿಗ್ಗಿನ ಪೂಜೆ ಮುಗಿಸಿ ನಾನು, ಗಂಡ ಮತ್ತು ಎಡ್ವಿನ್ ಒಟ್ಟಿಗೆ ಮನೆಗೆ ಬಂದೆವು. ಸ್ಯಾಂಡ್ರಾಳಿಗೆ ಡ್ಯೂಟಿ ಇತ್ತು. ಊಟಕ್ಕೆ ಕುಳಿತಾಗ ಗಾಡಿಯ ಬಣ್ಣದ ವಿಚಾರದಲ್ಲಿ ಅಣ್ಣ ತಮ್ಮಂದಿರಿಗೆ ಮಾತು ಬೆಳೆಯಿತು. ಗಂಡನಿಗೆ ಹೊಳಪಿಲ್ಲದ ಕಪ್ಪು ಬೇಕಿತ್ತು. ಅಪ್ಪನ ಬಸ್ಸಿನ ಹಸಿರೇ ಆಗಬೇಕೆಂದು ಎಡ್ವಿನ್ ಹೇಳಿದ. ಅಪ್ಪ ನಿನಗೆ ಮಾತ್ರ ಅಪ್ಪನಾ ಎಂದು ಗಂಡ ಕೇಳಿದರು. ಸಾಯುವಾಗ ಹತ್ತಿರ ಇದ್ದದ್ದು ನಾನು ಮಾತ್ರ ಎಂದು ಎಡ್ವಿನ್ ಹೇಳಿದ. ಆಗ ಗಂಡ ಬಹರೈನಿನಲ್ಲಿದ್ದು, ರಜೆ ಸಿಕ್ಕಿರಲಿಲ್ಲ. ಇಬ್ಬರೂ ಊಟ ಮುಗಿಸಿ ಎದ್ದರು. ಎಡ್ವಿನ್ ಅಂಗಳಕ್ಕೆ ಹೋಗಿ, ಕಲ್ಯಾಣಪುರದಲ್ಲಿರುವ ನನ್ನ ನಾದಿನಿ ರೀನಾಳಿಗೆ, ಅಂದರೆ ಅವರಿಬ್ಬರ ತಂಗಿಗೆ, ಫೋನ್ ಮಾಡಿ, ಇವನೊಂದಿಗೆ ಇನ್ನು ನನ್ನಿಂದ ಆಗುವುದಿಲ್ಲ ಎಂದು ಹೇಳಿದ್ದು ನನಗೂ ಕೇಳಿಸಿದೆ. ಇದನ್ನು ನಾನು ಅಡಗಿಸುವುದಿಲ್ಲ.

ಸುಮಾರು ಮೂರು ಗಂಟೆಗೆ ಅವನು ತಾನಾಗಿಯೇ ಶೆಡ್ಡಿಗೆ ಹೋದ. ಹೊಲಿದ ಸೀಟಿನ ಅಂಚಿನಲ್ಲಿ ಒಂದು ಕಡೆ ದಾರ ಬಿಟ್ಟಿದೆ ಎಂದು ಗಂಡ ಕರೆದುದರಿಂದ ನಾನೂ ಸೂಜಿ ದಾರ ಹಿಡಿದು ಹೋದೆ. ಗಾಡಿಯ ಮುಂಭಾಗವನ್ನು ಜಾಕಿನಿಂದ ಎತ್ತಿ ಎರಡು ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಕೆಲಸ ಆಗುತ್ತಿತ್ತು. ಜಾಕಿಗೆ ಎತ್ತರ ಸಾಲದೆ, ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟಿದ್ದ ಮರದ ತುಂಡುಗಳನ್ನು ಗಂಡ ತೆಗೆದು ಜಾಕಿನ ಅಡಿಗೆ ಇಟ್ಟರು. ಹಿಂದೆ ಕಲ್ಲು ಇಡಲಾ ಎಂದು ಎಡ್ವಿನ್ ಕೇಳಿದ. ಊಟದ ನಂತರ ಅವನು ಅಣ್ಣನೊಡನೆ ಆಡಿದ ಮೊದಲ ಮಾತು ಅದು. ಬೇಡ, ಗೇರಿನಲ್ಲಿ ಉಂಟು, ಅಲುಗುವುದಿಲ್ಲ ಎಂದು ಗಂಡ ಹೇಳಿದರು. ಗಾಡಿಗೆ ಹ್ಯಾಂಡ್ ಬ್ರೇಕ್ ಇನ್ನೂ ಜೋಡಿಸಿರಲಿಲ್ಲ. ಶೆಡ್ಡಿನ ನೆಲ ನೀರು ಹೋಗಲೆಂದು ಹಿಂದಕ್ಕೆ ಸ್ವಲ್ಪ ಇಳಿಜಾರಾಗಿದೆ.

ಮುಂಭಾಗ ಸ್ಟ್ಯಾಂಡಿನ ಮೇಲೆ ನಿಂತ ಮೇಲೆ ಗಂಡ ಕ್ಲಚ್ಚಿನ ರಾಡ್ ಸರಿಮಾಡಲು ಗಾಡಿಯ ಅಡಿಗೆ ಮಲಗಿ ಹೋದರು. ಎಡ್ವಿನ್ ತನ್ನ ಹೆಗಲಿನ ಟವೆಲನ್ನು ಮಡಿಸಿ, ಬಗ್ಗಿ, ಅವರ ತಲೆಯ ಅಡಿಗೆ ಇಟ್ಟ. ನಂತರ ಡ್ರೈವರ್ ಸೀಟಿಗೆ ಹತ್ತಿ ಕುಳಿತ. ನಾನು ಇನ್ನೊಂದು ಬದಿಯ ಬಾಗಿಲಿನ ಹತ್ತಿರ ಹೊರಗೆ ನಿಂತು, ಸೀಟಿನ ಅಂಚು ಹೊಲಿಯುತ್ತಿದ್ದೆ. ಗಂಡ ಕೆಳಗಿನಿಂದ ಒತ್ತು ಎಂದರು. ಎಡ್ವಿನ್ ಕ್ಲಚ್ ಒತ್ತಿದ. ಗಾಡಿ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ನನ್ನ ಕೈಯ ದಾರ ಎಳೆದುಕೊಂಡು ಹೋಯಿತು. ಎರಡೂ ಸ್ಟ್ಯಾಂಡ್ ಮಗುಚಿ, ಮುಂಭಾಗ ಗಂಡನ ಸೊಂಟದ ಮೇಲೆ ಕೂತಿತು.

ಕ್ಲಚ್ ಒತ್ತಿದರೆ ಗೇರಿನ ಹಿಡಿತ ಬಿಟ್ಟುಹೋಗುತ್ತದೆ, ಗಾಡಿಯನ್ನು ತಡೆಯಲು ಮತ್ತೇನೂ ಇರುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಎಡ್ವಿನ್ ಗೇಟು ಮಾಡುವವನು. ಗೊತ್ತಿದ್ದವರು ನನ್ನ ಗಂಡ. ಅವರಿಗೆ ಆ ಹೊತ್ತಿನಲ್ಲಿ ಯಾಕೆ ಹೊಳೆಯಲಿಲ್ಲ ಎಂದು ನನಗೆ ಹೇಳಲು ಬರುವುದಿಲ್ಲ.

ಎಡ್ವಿನ್ ಬೊಬ್ಬೆ ಹಾಕುತ್ತಾ ಕೆಳಗೆ ಹಾರಲು ನೋಡಿದ. ಆಗ ಗಂಡ ಅಡಿಯಿಂದ, ನಿಧಾನ ಇಳಿ ಬಾಬಾ, ಬಾಗಿಲು ಬಡಿಯಬೇಡ ಎಂದು ಕೊಂಕಣಿಯಲ್ಲಿ ಹೇಳಿದರು. ದಿನಾ ಕೆಲಸ ಹೇಳುವ ಸ್ವರದಲ್ಲಿಯೇ ಹೇಳಿದರು. ಎಡ್ವಿನ್ ಹಾಗೆಯೇ ಇಳಿದ. ಬಾಗಿಲನ್ನು ತೆರೆದೇ ಬಿಟ್ಟ. ಗಂಡನ ಬಾಯಿಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಎಡ್ವಿನ್ ಮುಂದಿನ ಕಬ್ಬಿಣವನ್ನು ಬರಿಗೈಯಲ್ಲಿ ಎತ್ತಲು ನೋಡಿದ. ಎತ್ತಲು ಆಗುವುದಿಲ್ಲ ಎಂದು ನನಗೆ ಕಾಣುತ್ತಿತ್ತು. ಆದರೂ ನಾನೂ ಹಿಡಿದೆ. ನಮ್ಮ ಜಾಕ್ ಗಾಡಿಯ ಅಡಿಯಲ್ಲಿ ಸಿಕ್ಕಿಬಿದ್ದಿತ್ತು. ಬೊಬ್ಬೆ ಕೇಳಿ ಬಂದ ಉಮಾನಾಥರು ತಮ್ಮ ಓಮ್ನಿಯ ಜಾಕ್ ತಂದು ಎಡ್ವಿನನೊಂದಿಗೆ ಸೇರಿ ಗಾಡಿಯನ್ನು ಎತ್ತಿದರು. ಎಡ್ವಿನನ ಬಲಗೈಯ ಎರಡು ಬೆರಳು ಮುರಿದಿದ್ದವು. ಅದು ಅವನಿಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಗಂಡನನ್ನು ಅದೇ ಓಮ್ನಿಯಲ್ಲಿ ಮಲಗಿಸಿ ಕರೆದೊಯ್ದೆವು. ತಲೆ ಎಡ್ವಿನನ ಮಡಿಲಲ್ಲಿತ್ತು, ಕಾಲು ನನ್ನ ಮಡಿಲಲ್ಲಿತ್ತು. ಶಂಕರಪುರ ದಾಟುವಾಗ ಕಾಲು ಬೆಚ್ಚಗಿತ್ತು. ಕಟಪಾಡಿಯಲ್ಲಿ ಹೆದ್ದಾರಿಗೆ ತಿರುಗುವಾಗ ನಾನು ಅವರ ಒಂದು ಚಪ್ಪಲಿ ಇಲ್ಲದ್ದನ್ನು ಗಮನಿಸಿದೆ. ಅದು ಎಲ್ಲಿ ಬಿತ್ತು ಎಂದು ಯೋಚಿಸುತ್ತಾ ಮಣಿಪಾಲದವರೆಗೆ ಹೋದೆ.

ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, ದಾರಿಯಲ್ಲಿಯೇ ಮೃತಪಟ್ಟಿದ್ದಾರೆ ಎಂದು ಸಂಜೆ 4.25ಕ್ಕೆ ತಿಳಿಸಿದರು. ಸ್ಯಾಂಡ್ರಾ ಲ್ಯಾಬಿನ ಬಿಳಿ ಕೋಟಿನಲ್ಲಿಯೇ ನಡೆದು ಬಂದಳು. ಅವಳು ಮೊದಲು ಕೇಳಿದ್ದು ಬಾಪ್ಪುವಿನ ಕೈಗೆ ಏನಾಯಿತು ಎಂದು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಮಡಿಸಿ, ನನ್ನ ಪಕ್ಕದಲ್ಲಿ ಕುಳಿತಳು.

ರೀನಾ ಬಂದಾಗ ಎಡ್ವಿನ್ ಅವಳೊಡನೆ, ನಾನು ಒತ್ತಿದೆ, ನಾನೇ ಕೊಂದೆ ಎಂದು ಹೇಳಿದ್ದು ನಿಜ. ಅಲ್ಲಿದ್ದ ಎಲ್ಲರಿಗೂ ಕೇಳಿಸಿದೆ. ಅಂಗಳದಿಂದ ಮಾಡಿದ ಫೋನು, ಹಳೆಯ ದಾವೆ, ಈ ಮಾತು ಮೂರನ್ನೂ ಸೇರಿಸಿ ರೀನಾ ಸಂಶಯ ವ್ಯಕ್ತಪಡಿಸಿದ್ದಾಳೆ ಎಂದು ತಾವು ನನಗೆ ತಿಳಿಸಿದ್ದೀರಿ. ರೀನಾಳ ಮೇಲೆ ನನಗೆ ಕೋಪವಿಲ್ಲ. ಅವಳು ಅಣ್ಣನನ್ನು ಕಳೆದುಕೊಂಡವಳು, ಶೆಡ್ಡಿನಲ್ಲಿ ಇರಲಿಲ್ಲ. ನಾನು ಇದ್ದೆ.

ತಾವು ಕೇಳಿದ್ದಕ್ಕೆ ನನ್ನ ಉತ್ತರ: ಎಡ್ವಿನ್ ಒತ್ತಿದ್ದು ಹೌದು. ಒತ್ತಲು ಹೇಳಿದ್ದು ನನ್ನ ಗಂಡ. ಮರದ ತುಂಡು ತೆಗೆದದ್ದು ನನ್ನ ಗಂಡ, ಕಲ್ಲು ಬೇಡ ಎಂದದ್ದೂ ಅವರೇ. ನನ್ನ ಗಂಡನ ತಪ್ಪನ್ನು ಹೀಗೆ ಬರೆಯಿಸುವುದು ನನಗೆ ಇಷ್ಟವಿಲ್ಲ, ಆದರೆ ಅವರು ಬದುಕಿದ್ದರೆ ಅವರೇ ಬಂದು ಬರೆಯಿಸುತ್ತಿದ್ದರು. ಎಡ್ವಿನ್ ತನ್ನ ಹೇಳಿಕೆಯಲ್ಲಿ ತಾನೇ ಕಾರಣವೆಂದು ಹೇಳಿದ್ದರೆ, ಅದು ಅವನ ಸಂಕಟದ ಮಾತು, ನಡೆದ ಸಂಗತಿ ಅಲ್ಲ. ಗಂಡನ ಮರಣದಲ್ಲಿ ನನಗೆ ಯಾರ ಮೇಲೂ ಸಂಶಯವಿಲ್ಲ.

ನಿನ್ನೆ ಆಸ್ಪತ್ರೆಯಿಂದ ಬಂದ ನಂತರ ಎಡ್ವಿನ್ ನಮ್ಮ ಮನೆಯೊಳಗೆ ಕಾಲಿಟ್ಟಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದಾನೆ. ಸ್ಯಾಂಡ್ರಾ ಗಂಜಿ ಕೊಂಡುಹೋಗಿ ಎಡಗೈಗೆ ಚಮಚ ಕೊಟ್ಟಳು. ಎರಡು ಚಮಚ ತಿಂದ. ಇಂದು ಬೆಳಿಗ್ಗೆ ನಾನು ಅವನ ಎದುರು ನಿಂತು, ಶವಪೆಟ್ಟಿಗೆಯ ತಲೆಯ ಬದಿಯನ್ನು ನೀನೇ ಹೊರಬೇಕು ಎಂದು ಹೇಳಿದೆ. ನನ್ನ ಕೈ ಆಗುವುದಿಲ್ಲ ವೊನ್ನಿ ಎಂದು ಅವನು ಪ್ಲಾಸ್ಟರ್ ತೋರಿಸಿದ. ಹೆಗಲು ಉಂಟಲ್ಲ ಎಂದು ನಾನು ಹೇಳಿದೆ. ಅವನು ಆಗ ಮೊದಲ ಸಲ ಅತ್ತ.

ಅಂತ್ಯಕ್ರಿಯೆ ನಾಳೆ ಮಂಗಳವಾರ ಮಧ್ಯಾಹ್ನ 3.30ಕ್ಕೆ ಇರುತ್ತದೆ. ಆ ಹೊತ್ತಿಗೆ ಎಡ್ವಿನನನ್ನು ವಿಚಾರಣೆಗೆಂದು ಠಾಣೆಗೆ ಕರೆಯಿಸಬಾರದೆಂದು ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಹೊರುವವರು ಬೇರೆ ಯಾರೂ ಇಲ್ಲವೆಂದಲ್ಲ. ಅವನು ಹೊರಬೇಕು.

ಬರೆದುದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದರು. ನಾನು ಹೇಳಿದ ಹಾಗೆಯೇ ಇದೆ. ಇದರಲ್ಲಿ ಸೇರಿಸಲು ಅಥವಾ ತೆಗೆಯಲು ನನ್ನಲ್ಲಿ ಏನೂ ಉಳಿದಿಲ್ಲ.

ಸ್ಥಳ: ಶಿರ್ವ
ತಾರೀಕು: 11-11-2024
ಸಹಿ: ಡುಲ್ಸಿನ್ ಮಥಾಯಸ್